ಬಾತುಕೋಳಿಗೊಂದು ಬೋನು

ಸುಧಾಕರನ ಮನೆಯಲ್ಲಿ ಎರಡು ಬಾತುಕೋಳಿಗಳಿದ್ದವು. ಎರಡು ಉಳಿದಿದ್ದವು ಅಂದರೆ ಹೆಚ್ಚು ಸರಿ. ಹೆಂಡತಿ ಸುಗುಣ ಮೊಟ್ಟೆ ತಂದು ಹೇಂಟೆಯ ಕಾವಿಗಿಟ್ಟು ಮರಿ ಮಾಡಿಸಿದಾಗ ಅಂಗಳದ ತುಂಬ ಹಳದಿ ಉಂಡೆಗಳು ಉರುಳಾಡುತ್ತಿದ್ದವು. ಕೆಲವನ್ನು ಹದ್ದು ಎತ್ತಿತು. ಒಂದನ್ನು ಹೆಬ್ಬಾವು ನುಂಗಿ, ನುಂಗಿದ ಸುಸ್ತಿಗೆ ಬಾವಿಕಟ್ಟೆಯ ಪಕ್ಕದಲ್ಲೇ ಮಲಗಿತು. ಕೊನೆಗೆ ಹೋದ ಮರಿ ಮಾತ್ರ ನೇರವಾಗಿ ಸುಧಾಕರನ ತಲೆಗೆ ಬಂತು. ಆ ದಿನ ಕಾವಲಿಗೆ ಕೂತವನು ಅವನು. ಕೂತವನು ಮೊಬೈಲಿನಲ್ಲಿ ಯಾರೋ ಗಾಳ ಹಾಕಿ ಮೀನು ಹಿಡಿಯುವುದನ್ನು ನೋಡುತ್ತಿದ್ದ. ಅಲ್ಲಿ ಮೀನು ಸಿಕ್ಕುವಷ್ಟರಲ್ಲಿ ಇಲ್ಲಿ ಮರಿ ಹೋಗಿತ್ತು.

"ಕೀರಿ ಹಿಡ್ಕಂಡ್ ಹೋಯ್ತ್ ಕಾಂತ್" ಎಂದು ಅವನು ಊಹೆಯ ಮೇಲೆ ಮುಂಗುಸಿಯ ತಲೆಗೆ ಕಟ್ಟಿದ. ಸುಗುಣ ಏನೂ ಹೇಳಲಿಲ್ಲ. ಆಮೇಲೆ ವಾರವಿಡೀ ಏನೂ ಹೇಳಲಿಲ್ಲ. ಗಂಜಿ, ಉಪ್ಪಿನಕಾಯಿ ಎರಡನ್ನೂ ಅವನೇ ಬಡಿಸಿಕೊಂಡು ಉಣ್ಣಬೇಕಾಯಿತು.

ಉಳಿದ ಎರಡಕ್ಕೆ ಗುಂಡು, ಗೌರಿ ಎಂದು ಹೆಸರಾಯಿತು. ಮಗಳು ಮದುವೆಯಾಗಿ ಬ್ರಹ್ಮಾವರಕ್ಕೆ ಹೋದ ಮೇಲೆ ಆ ಮನೆಯಲ್ಲಿ ಸುಗುಣಳ ಮಾತು ಕೇಳುವ ಜೀವಗಳೆಂದರೆ ಇವೆರಡು ಮತ್ತು ಸುಧಾಕರ. ಬಾತುಕೋಳಿಗಳು ಕರೆದ ಕೂಡಲೇ ಓಡಿ ಬರುತ್ತಿದ್ದವು, ಸುಧಾಕರನನ್ನು ಎರಡು ಸಲ ಕರೆಯಬೇಕಿತ್ತು. ಅಷ್ಟೇ ವ್ಯತ್ಯಾಸ.

ಮೇ ತಿಂಗಳ ಒಂದು ಭಾನುವಾರ ಸುಗುಣ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಯಡ್ತರೆಯ ಅಕ್ಕನ ಮಗಳು ಪ್ರಣೀತಾಳ ಸೀಮಂತಕ್ಕೆ ಹೊರಟಳು. ಸುಧಾಕರನಿಗೂ ಹೋಗುವ ಆಸೆ ಇತ್ತು. ಬಸ್ರೂರು ಪೇಟೆಯಲ್ಲಿ ಛತ್ರಿ, ಟಾರ್ಚು ಮಾರುವ ಅವನ ಅಂಗಡಿಗೆ ಅಂದು ರಜೆ, ಮೇಲಾಗಿ ಸೀಮಂತದ ಊಟದ ಹೋಳಿಗೆ ವಾರದಿಂದ ಅವನ ಕನಸಿನಲ್ಲಿ ಬರುತ್ತಿತ್ತು. ಆದರೆ ಬಾತುಕೋಳಿ ಕಾಯಲು ಒಬ್ಬರು ಬೇಕು. ಆ ಒಬ್ಬರು ಯಾರು ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ.

"ಕಾಣಿ, ನಾ ಸಂಜಿಗ್ ಬಪ್ಪತಿಗೆ ಎರ್ಡೂ ಇರ್ಕ್" ಎಂದಳು ಸುಗುಣ. "ಗೂಡ್ ಒಳ್ಗೆ ಹಾಕ್ಬೇಡಿ, ತಗ್ಡ್ ಕಾದ್ರೆ ಸೆಕಿಗೆ ಸಾಯ್ತೊ. ಮನಿ ಒಳ್ಗೂ ಬಿಡ್ಬೇಡಿ, ಗಲೀಜ್ ಮಾಡ್ತೊ. ಹೊರ್ಗೇ ಇರ್ಲಿ. ನಿಮ್ಮ ಕಣ್ಣ್ ಅದ್ರ್ ಮೇಲೇ ಇರ್ಲಿ. ಮೊಬೈಲ್ ಮುಟ್ಬೇಡಿ."

"ಮುಟ್ಟುದಿಲ್ಲ ಮಾರಾಯ್ತಿ."

"ಒಂದ್ ಕಮ್ಮಿ ಆದ್ರೂ ನಾ ಹಾಂಗೇ ವಾಪಾಸ್ ಯಡ್ತರಿಗ್ ಹೋತೆ. ಪ್ರಣೀತಾಂಗೆ ಹೆರ್ಗಿ ಆಪಲ್ಲಿವರಿಗೆ ಅಕ್ಕನ ಮನ್ಯಗೇ ಇರ್ತೆ."

ಪ್ರಣೀತಾಳಿಗೆ ಈಗ ಏಳನೇ ತಿಂಗಳು. ಸುಧಾಕರ ಬೆರಳು ಮಡಿಚಿ ಲೆಕ್ಕ ಹಾಕಿದ, ಮುಖ ಬಾಡಿತು. ಸುಗುಣ ಇಲ್ಲದ ಮನೆ ಅವನಿಗೆ ನಿಜವಾಗಿಯೂ ಆಗದು. ಬೈಯುವುದಕ್ಕಾದರೂ ಒಬ್ಬರು ಬೇಕು ಎಂದು ಅವನು ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ.

ಬಸ್ಸು ಹೋದ ಮೇಲೆ ಅವನು ಅಂಗಳದ ನಡುವೆ ಕುರ್ಚಿ ಹಾಕಿ, ಅಂಗಡಿಯ ದೊಡ್ಡ ಛತ್ರಿಯೊಂದನ್ನು ಕೈಯಲ್ಲಿ ಹಿಡಿದು ಕೂತ. ಗುಂಡು, ಗೌರಿ ಟಬ್ಬಿನ ನೀರಿನಲ್ಲಿ ಆಡುತ್ತಿದ್ದವು. ಹೀಗೇ ಸಂಜೆಯಾದರೆ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅಂಗಳದ ಮೇಲೆ ಒಂದು ನೆರಳು ಹಾದುಹೋಯಿತು. ತಲೆ ಎತ್ತಿದರೆ ಕೆಂಪು ರೆಕ್ಕೆ, ಬಿಳಿ ಕೊರಳಿನ ಹದ್ದು ತೆಂಗಿನ ಮರಗಳ ಮೇಲೆ ಸುತ್ತುತ್ತಿತ್ತು. ಸುಧಾಕರ ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡ.

"ಹ್ವಾಯ್, ಎಂತ ಮಾಡ್ತೆ ಸುಧಾಕರ?" ಪಾಗಾರದ ಗೋಡೆಯ ಆಚೆಯಿಂದ ಚಂದ್ರಮತಕ್ಕನ ಸ್ವರ ಬಂತು. ಅವಳು ಪಕ್ಕದ ಮನೆಯವಳು. ಗೋಡೆಗೆ ಕಿವಿ ಇರುವುದು ಎಲ್ಲ ಊರಲ್ಲೂ ಉಂಟು, ಇಲ್ಲಿ ಗೋಡೆಗೆ ಚಂದ್ರಮತಕ್ಕನ ತಲೆಯೂ ಇತ್ತು. "ಆಯ್ತ್ವಾರ ಗರುಡ ಕಾಂಬುದೇ ಪುಣ್ಯ. ಅದಕ್ಕ್ ಕಲ್ಲ್ ಹೊಡಿತ್ಯಾ? ಕೈ ಮುಗಿ ಮೊದ್ಲ್."

"ಅಕ್ಕ, ಅದ್ ಬಾತುಕೋಳಿ ಮೇಲ್ ಕಣ್ಣ್ ಹಾಕಿತ್."

"ದೇವ್ರ್ ಕಣ್ಣ್ ಬೀಳುಕೆ ಜನ ಹರ್ಕಿ ಹೇಳ್ಕಂತ್ರ್. ನಿಂಗೆ ಪುಕ್ಕಟೆ ಬಿದ್ದಿತ್."

ಹಿರಿಯಳ ಮಾತು ಮೀರುವ ಹಾಗಿಲ್ಲ. ಸುಧಾಕರ ಕಲ್ಲನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡೇ ಕೈ ಮುಗಿದ. ಅವನು ಕಣ್ಣು ಮುಚ್ಚಿದ ಗಳಿಗೆಯನ್ನೇ ನೋಡಿ ಗರುಡ ಕೆಳಗೆ ಎರಗಿತು. ಗೌರಿ ಟಬ್ಬಿನಿಂದ ಹಾರಿ ಹುಲ್ಲು ಪೇರಿಸಿದ ಕುತ್ರಿಯ ಕೆಳಗೆ ನುಗ್ಗಿತು, ಗುಂಡು ಅದರ ಹಿಂದೆ ನುಗ್ಗಿತು. ಹದ್ದಿಗೆ ಸಿಕ್ಕಿದ್ದು ಕುರ್ಚಿಯ ಬೆನ್ನಿಗೆ ಹಾಕಿದ್ದ ಸುಧಾಕರನ ಮೈ ಒರೆಸುವ ಬೈರಾಸು ಮಾತ್ರ. ಅದನ್ನು ಕಾಲಲ್ಲಿ ಹಿಡಿದು, ಬಾವುಟದಂತೆ ಹಾರಿಸಿಕೊಂಡು ಅದು ಹೊಳೆಯ ಕಡೆಗೆ ಹೋಯಿತು. ಚಂದ್ರಮತಕ್ಕ ಅದಕ್ಕೂ ಕೈ ಮುಗಿದಳು.

ಅಷ್ಟರಲ್ಲಿ ಕುತ್ರಿಯ ಕೆಳಗೆ ಬೊಬ್ಬೆ ಎದ್ದಿತು. ಬಾತುಕೋಳಿಗಳು ಎಷ್ಟು ಬೇಗ ಒಳಗೆ ಹೋಗಿದ್ದವೋ ಅಷ್ಟೇ ಬೇಗ ಹೊರಗೆ ಬಂದವು. ಹಿಂದೆ ಕೀರಿಯ ಮೂತಿ ಕಾಣಿಸಿತು. ಸುಧಾಕರ ಛತ್ರಿ ಬಿಚ್ಚಿ ಅದರ ಮುಂದೆ ಹಿಡಿದ, ಕೀರಿ ಬೆಚ್ಚಿ ಓಡಿತು. ತಿರುಗಿ ನೋಡಿದರೆ ಪಾಗಾರದ ಮೇಲೆ ಚಂದ್ರಮತಕ್ಕನ ಬೆಕ್ಕು ಕೂತು, ಏನೂ ತಿಳಿಯದ ಕೂಸಿನ ಹಾಗೆ ಕಾಲು ನೆಕ್ಕಿಕೊಳ್ಳುತ್ತಿತ್ತು. ಇನ್ನೂ ಒಂಬತ್ತು ಗಂಟೆ ಆಗಿರಲಿಲ್ಲ.

ಗಲಾಟೆ ಕೇಳಿ ಎದುರು ಮನೆಯ ಅಣ್ಣಯ್ಯ ಶೆಟ್ಟರು ಬಂದರು. ಅವರು ಮುಂಬಯಿಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಬಂದವರು. ಈಗ 'ಬಸ್ರೂರು ಬಾಂಧವರು' ಎಂಬ ವಾಟ್ಸಾಪ್ ಗುಂಪು ನಡೆಸುತ್ತಾರೆ. ಎರಡರಲ್ಲೂ ಅವರದು ಒಂದೇ ರೀತಿ, ಬಂದದ್ದನ್ನು ಬಿಸಿ ಮಾಡಿ ಬಡಿಸುವುದು.

"ಅರೆ ಭಾಯ್, ಹಳೇ ಸೀಡಿ ಕಟ್ಕ್" ಎಂದರು ಶೆಟ್ಟರು. "ಮುಂಬಯಿಯಗೆ ಪಾರಿವಾಳ ಸಾಕುವರೆಲ್ಲ ಕಟ್ಟುದೇ. ಬಿಸ್ಲಿಗ್ ಥಳಥಳ ಹೊಳೀತ್, ಹದ್ದ್ ಆಚಿಂದಾಚಿಗೇ ಹೋತ್. ಏಕ್‌ದಮ್ ಗ್ಯಾರಂಟಿ."

ಅವರೇ ಮನೆಯಿಂದ ಹಳೆಯ ಸೀಡಿಗಳನ್ನು ತಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದರು. ಗಾಳಿಗೆ ಅವು ತಿರುಗಿ ಥಳಥಳ ಹೊಳೆದವು. ಹದ್ದು ಬರಲಿಲ್ಲ, ಅದು ನಿಜ. ಆದರೆ ಬೆಳಕು ಕಣ್ಣಿಗೆ ಕುಕ್ಕಿ ಚಂದ್ರಮತಕ್ಕನ ದನ ಹಗ್ಗ ಹರಿದುಕೊಂಡು ಓಡಿತು, ಗುಂಡು ಮತ್ತು ಗೌರಿ ಸ್ವತಃ ಹೆದರಿ ರಸ್ತೆಗೆ ಇಳಿದವು. ಸುಧಾಕರ ಮುಂಡು ಮೇಲೆ ಕಟ್ಟಿ, "ಬಾ ಬಾ ಬಾ" ಎಂದು ಅವುಗಳ ಹಿಂದೆ ಓಡಿದ. ಮುಂಗುಸಿಗೂ ಹದ್ದಿಗೂ ಹೇಗೋ ಉತ್ತರ ಕೊಡಬಹುದು, ಉಪಕಾರ ಮಾಡಲು ಬಂದವರಿಗೆ ಏನು ಕೊಡುವುದು ಎಂದು ಅವನಿಗೆ ತಿಳಿಯಲಿಲ್ಲ.

ಬಾತುಕೋಳಿಗಳು ಗದ್ದೆ ದಾಟಿ, ಹಾಡಿ ಎನ್ನುವ ಸಣ್ಣ ಕಾಡಿನ ಅಂಚಿನಲ್ಲಿ ನಿಂತವು. ಅಲ್ಲಿ, ಅರ್ಧ ಬಿಸಿಲಿಗೆ ಅರ್ಧ ಮರದ ನೆರಳಿಗೆ, ಚಿರತೆಯ ಬೋನು ಇತ್ತು.

ಈ ಬೋನಿಗೊಂದು ಚರಿತ್ರೆಯೇ ಇದೆ. ಸಂಕ್ರಾಂತಿಯ ಹೊತ್ತಿಗೆ ಹಾಡಿಯಲ್ಲಿ ಚಿರತೆ ಕಂಡಿತೆಂದು ಊರವರೇ ಹಟ ಹಿಡಿದು ಫಾರೆಸ್ಟಿನವರಿಂದ ಇಡಿಸಿಕೊಂಡದ್ದು ಅದು. ಮುಂದೆ ಚಿರತೆ ಬರಲು ದೊಡ್ಡ ಖಾನೆ, ಹಿಂದೆ ಆಸೆ ತೋರಿಸಲು ನಾಯಿಯನ್ನೋ ಕೋಳಿಯನ್ನೋ ಇಡುವ ಸಣ್ಣ ಖಾನೆ, ಅದಕ್ಕೆ ಸುತ್ತ ಬಿಗಿಯಾದ ಜಾಲರಿ. ಮೊದಲು ಒಂದು ನಾಯಿಯನ್ನು ಇಟ್ಟರು. ಪಾಪ ಎಂದು ಊರವರೆಲ್ಲ ಅನ್ನ ಹಾಕಿ ಹಾಕಿ ಅದು ಕಿಂಡಿಯಲ್ಲಿ ಹಿಡಿಸದಷ್ಟು ದಪ್ಪವಾಯಿತು. ಆಮೇಲೆ ಇಟ್ಟ ಕೋಳಿ ಒಂದು ಭಾನುವಾರ ಮಾಯವಾಗಿ ಯಾರದೋ ಮನೆಯ ಸುಕ್ಕದ ಬಾಣಲೆಯಲ್ಲಿ ಕಂಡಿತೆಂದು ಸುದ್ದಿ. ಚಿರತೆ ಮಾತ್ರ ಬರಲಿಲ್ಲ. ಬೋನು ತೆಗೆಯಲು ಬಂದವರನ್ನು ಚಂದ್ರಮತಕ್ಕ ಬಿಡಲಿಲ್ಲ. ಅದರ ಮಾಡಿನ ಮೇಲೆ ಅವಳು ಸೀರೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. "ಹಪ್ಳದ್ ಕಾಲ ಮುಗೀಲಿ ಮಕ್ಳೆ" ಎಂದು ಬಾಯಿಮಾತಿನಲ್ಲೇ ಸರ್ಕಾರಿ ಸ್ವತ್ತನ್ನು ತಡೆದಿದ್ದಳು.

ಸುಧಾಕರ ಬೋನನ್ನು ನೋಡಿದ. ಬಾತುಕೋಳಿಗಳನ್ನು ನೋಡಿದ. ಚಿರತೆಯೇ ಮುರಿಯಲಾಗದ ಪಂಜರವನ್ನು ಕೀರಿ ಏನು ಮಾಡೀತು? ಹಿಂದಿನ ಖಾನೆಗೆ ಮರದ ನೆರಳು, ಸೆಕೆಯಿಲ್ಲ. ಹದ್ದಿಗೆ ಕಾಣದು, ಬೆಕ್ಕಿಗೆ ನುಸುಳಲಾಗದು. ತನ್ನ ತಲೆ ಇಷ್ಟು ಚೆನ್ನಾಗಿ ಓಡಿದ್ದು ಅವನಿಗೇ ಆಶ್ಚರ್ಯವಾಯಿತು. ಗುಂಡು, ಗೌರಿಯನ್ನು ಎತ್ತಿ ಹಿಂದಿನ ಸಣ್ಣ ಖಾನೆಗೆ ಬಿಟ್ಟು, ನೀರಿನ ಟಬ್ಬು ತಂದಿಟ್ಟು, ಚಿಲಕ ಹಾಕಿದ. ಮನೆಗೆ ಬಂದು ಗಂಜಿ ಉಂಡು, ನಡುಮನೆಯಲ್ಲಿ ಚಾಪೆ ಹಾಸಿ, ವಾರದಲ್ಲಿ ಮೊದಲ ಬಾರಿ ನೆಮ್ಮದಿಯಿಂದ ಮಲಗಿದ.

ಡೈರಿಗೆ ಹಾಲು ಕೊಟ್ಟು ಗದ್ದೆಯಂಚಿನಲ್ಲಿ ಬರುತ್ತಿದ್ದ ಸೀತುವಿನ ಕಣ್ಣಿಗೆ ಬೋನಿನೊಳಗಿನ ಬಿಳಿ ಬಾತುಕೋಳಿಗಳು ಬಿದ್ದವು. ಬೋನಿನಲ್ಲಿ ಹಕ್ಕಿ ಇದೆ ಎಂದರೆ ಹಾಡಿಯಲ್ಲಿ ಚಿರತೆ ಇದೆ ಎಂದರ್ಥ. ಇದನ್ನು ಬಸ್ರೂರಿನಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೀತು ಖಾಲಿ ಕ್ಯಾನನ್ನು ಅಲ್ಲೇ ಬಿಟ್ಟು ಓಡಿ ಅಣ್ಣಯ್ಯ ಶೆಟ್ಟರಿಗೆ ಹೇಳಿದಳು. ಶೆಟ್ಟರು ಬಿಸಿ ಮಾಡಿ ಬಡಿಸಿದರು.

ಸುಧಾಕರನಿಗೆ ಎಚ್ಚರವಾದದ್ದು ಶೆಟ್ಟರು ಬಾಗಿಲು ಬಡಿದಾಗ.

"ಎದ್ದೇಳ್ ಮಾರಾಯ. ಚಿರ್ತೆ ಬಂದಿತ್. ಪ್ಯಾಟಿ ಅಂಗ್ಡಿಯೆಲ್ಲ ಬಾಗ್ಲ್ ಹಾಕಿದ್ರ್. ಮಕ್ಳ್ ಕ್ರಿಕೆಟ್ ನಿಲ್ಸಿದ್ರ್. ಕುಂದಾಪ್ರದ್ ಬಸ್ಸಿನವ ಇಲ್ಲ್ ಸ್ಟಾಪೇ ಕೊಡುದಿಲ್ಲ ಅಂಬ್ರ್."

ಸುಧಾಕರ ಕಣ್ಣುಜ್ಜಿ ಬಾಗಿಲು ತೆರೆದ. "ಯಾರ್ ಕಂಡದ್ದ್ ಶೆಟ್ರೆ?"

"ಕಾಂಬುದೆಂತಕೆ? ಫಾರೆಸ್ಟಿನವ್ರ್ ರಾತ್ರಿಯೇ ಬಂದ್ ಬೋನಿಗೆ ಹಕ್ಕಿ ಇಟ್ಟ್ ಹೋಯಿದ್ರ್. ಎರ್ಡ್ ಬಿಳಿ ಬಾತುಕೋಳಿ, ಸೇಮ್ ನಿನ್ನದರ ಹಾಂಗೇ. ಅವ್ರಿಗ್ ಗೊತ್ತಿಲ್ದೆ ಇಡ್ತ್ರಾ?"

ಸುಧಾಕರ ಬಾಯಿ ತೆರೆದ. ನಿಜ ಹೇಳಲೆಂದೇ ತೆರೆದದ್ದು. ಆದರೆ ಶೆಟ್ಟರು ಉಸಿರು ತೆಗೆದುಕೊಳ್ಳದೆ ಮುಂದುವರಿಸಿದರು. "ನಾ ಫಾರೆಸ್ಟಿನ ರೋಹನ್‌ಗೆ ಫೋನ್ ಮಾಡ್ದೆ. ಅಂವ ಹೇಳ್ತ, ನಾವ್ ಇಟ್ಟದ್ದಲ್ಲ, ಯಾರಾರೂ ಬೋನ್ ಜೊತಿ ಮಸ್ಕಿರಿ ಮಾಡಿದ್ರೆ ಕೇಸ್ ಹಾಕ್ತೆ ಅಂದೇಳಿ. ನಂಗ್ ಅಲ್ಲೇ ಗೊತ್ತಾಯ್ತ್. ಜನ ಹೆದರ್ಕಂತ್ರ್ ಅಂದ್ ಗುಟ್ಟ್ ಮಾಡ್ತಿದ್ರ್. ಹ್ಯಾಂಗೆ ನಮ್ ತಲೆ?"

ಸುಧಾಕರ ತೆರೆದ ಬಾಯನ್ನು ಹಾಗೇ ಮುಚ್ಚಿದ. ಸುಮ್ಮನೆ ಹೋಗಿ, ಬಾತುಕೋಳಿಗಳನ್ನು ಎತ್ತಿಕೊಂಡು ಬಂದುಬಿಟ್ಟರೆ ಊರಿಗೂ ಸುಖ, ತನಗೂ ಸುಖ. ಶೆಟ್ಟರು ಮುಂದಿನ ಮನೆಯ ಬಾಗಿಲು ಬಡಿಯಲು ಹೋದ ಕೂಡಲೇ ಅವನು ಬಾಳೆಗಿಡಗಳ ಮರೆಯಲ್ಲಿ ನುಸುಳಿ ಹಾಡಿಗೆ ಬಂದ.

ಅಲ್ಲಿ ಊರಿನ ಉಪಕಾರ ಅವನಿಗಿಂತ ಮೊದಲೇ ಬಂದು ಹೋಗಿತ್ತು. ಚಿರತೆ ಹಿಂದಿನಿಂದ ಬಾರದಿರಲೆಂದು ಸಣ್ಣ ಖಾನೆಯ ಚಿಲಕಕ್ಕೆ ತಂತಿ ಬಿಗಿದು, ಅದರ ಮೇಲೆ ಮುಳ್ಳಿನ ರಾಶಿ ಹೇರಿದ್ದರು. ಇಡೀ ಬೋನನ್ನು ತೆಂಗಿನ ಮಡಲಿನಿಂದ ಮುಚ್ಚಿದ್ದರು. ಗಡಿಬಿಡಿಯಲ್ಲೂ ಚಂದ್ರಮತಕ್ಕನ ಹಪ್ಪಳಕ್ಕೆ ಮಾತ್ರ ಬಿಸಿಲು ಬಿಟ್ಟಿದ್ದರು. ಇನ್ನು ಉಳಿದದ್ದು ಮುಂದಿನ ದಾರಿ. ದೊಡ್ಡ ಖಾನೆಯ ಒಳಗಿನಿಂದ ಹಿಂದಿನ ಖಾನೆಗೆ ಒಂದು ತಗಡಿನ ಕಿಂಡಿ ಇತ್ತು. ಸುಧಾಕರ ದೇವರನ್ನು ನೆನೆದು, ನಾಲ್ಕು ಕಾಲಿನಲ್ಲಿ ಒಳಗೆ ಹೋದ. ಗೌರಿ ಅವನನ್ನು ಕಂಡು ಕುಶಿಯಿಂದ ಕೂಗಿತು. "ಶ್, ಸುಮ್ನಿರೆ" ಎಂದು ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಕೈಯ ಕೆಳಗಿನ ಹಲಗೆ ಒಂಚೂರು ತಗ್ಗಿತು.

ನಾಲ್ಕು ತಿಂಗಳು ಬಿಸಿಲಿಗೆ ಬಿದ್ದು ತುಕ್ಕು ಹಿಡಿದಿದೆ ಎಂದು ಎಲ್ಲರೂ ಹೇಳುತ್ತಿದ್ದ ಬಾಗಿಲು ಧಡಾರನೆ ಬಿತ್ತು.

ಆ ಸದ್ದು ಹೊಳೆಯ ಆಚೆಗೂ ಕೇಳಿತು. "ಬಿತ್ತ್, ಚಿರ್ತೆ ಬಿತ್ತ್" ಎಂದು ಯಾರೋ ಕೂಗಿದರು. ಅಷ್ಟು ಹೊತ್ತು ಬಾಗಿಲು ಹಾಕಿಕೊಂಡಿದ್ದ ಬಸ್ರೂರು ಒಂದೇ ಸಲ ಬಾಗಿಲು ತೆರೆದು ಓಡಿ ಬಂತು. ಚಿರತೆ ಹೊರಗಿದ್ದರೆ ಹೆದರಿಕೆ, ಬೋನಿನೊಳಗಿದ್ದರೆ ಜಾತ್ರೆ. ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತು, ಮುಂದೆ ಬರಲು ಧೈರ್ಯವಿಲ್ಲದೆ, ಮೊಬೈಲುಗಳನ್ನು ಮಾತ್ರ ಮುಂದೆ ಚಾಚಿದರು.

ಒಳಗೆ ಸುಧಾಕರ ಉಸಿರು ಬಿಗಿಹಿಡಿದು ಕೂತ. ಕೂಗಿದರೆ ಕೇಸು, ಅದಕ್ಕಿಂತ ಹೆಚ್ಚಾಗಿ ನಗೆಪಾಟಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ಬಾತುಕೋಳಿಗೆ ಹೋದ ಮಾನಕ್ಕೆ ಆನೆಯ ಮಾತೇ ಇಲ್ಲ. ಜನ ನೋಡಿ ನೋಡಿ ಬೇಸತ್ತು ಊಟಕ್ಕೆ ಹೋದಾರು, ಆಗ ಏನಾದರೂ ಮಾಡೋಣ ಎಂದು ಕಾದ.

ಆ ಹೊತ್ತಿಗೆ ಅವನ ಜೇಬಿನ ಮೊಬೈಲು ಹೊಡೆದುಕೊಂಡಿತು. ಅವನು ಇಟ್ಟುಕೊಂಡದ್ದು ಯಕ್ಷಗಾನದ ಚಂಡೆಯ ಸದ್ದು. ತಗಡಿನ ಬೋನಿನೊಳಗೆ ಅದು ಇಡೀ ಮೇಳವೇ ಬಂದಂತೆ ಮೊಳಗಿತು. ಚಂಡೆ ನಿಂತ ಮೇಲೆ ಬದುವಿನ ಮೇಲಿನ ಮೊಬೈಲುಗಳೆಲ್ಲ ಕೆಳಗಿಳಿದವು.

"ಅದ್ ನಮ್ ಸುಧಾಕರನ ಫೋನ್" ಎಂದರು ಅಣ್ಣಯ್ಯ ಶೆಟ್ಟರು. "ಅಂವ ಮನ್ಯಗಿಲ್ಲ. ನಾ ಈಗ ಕಂಡ್ಕಂಡ್ ಬಂದೆ. ಅಯ್ಯೋ ದೇವ್ರೆ, ಫೋನ್ ಸಮೇತ ತಿಂದಿತ್."

ಬದುವಿನ ಮೇಲೆ ನಿಟ್ಟುಸಿರುಗಳು ಹೊರಟವು. ಯಾರೋ ಟೋಪಿ ತೆಗೆದರು.

"ಒಳ್ಳೆ ಜನ ಇದ್ದಿದ್ದ" ಎಂದರು ಶೆಟ್ಟರು. "ಬುದ್ಧಿ ಒಂಚೂರ್ ಕಮ್ಮಿ. ಆದ್ರೆ ಒಂದ್ ದಿನ ಯಾರಿಗೂ ಎದ್ರ್ ಮಾತಾಡಿದವನಲ್ಲ."

ಸುಧಾಕರನ ಕಣ್ಣು ತುಂಬಿ ಬಂತು. ಬದುಕಿದ್ದಾಗ ಶೆಟ್ಟರು ಇಷ್ಟು ಹೇಳಿರಲಿಲ್ಲ. ಇನ್ನೂ ಏನಾದರೂ ಹೇಳುತ್ತಾರೋ ಎಂದು ಅವನು ಮಡಲಿನ ಸಂದಿಗೆ ಕಿವಿ ಕೊಟ್ಟ. ಈಗ ಚಂದ್ರಮತಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಮಾತಾಡಿದಳು.

"ಸತ್ತವ್ರ್ ಮುಂದೆ ಸುಳ್ಳ್ ಹೇಳುಕಾಗ. ಅವತ್ತ್ ಆ ಬಾತುಕೋಳಿ ಮರಿ ಹಿಡ್ದದ್ದ್ ಕೀರಿ ಅಲ್ಲ. ನಮ್ಮನಿ ಬೆಕ್ಕ್. ನಾ ಕಂಡಿದ್ದೆ. ಪಾಪ, ಅದ್ಕೇ ಹೆಂಡ್ತಿ ವಾರವಿಡೀ ಮಾತ್ ಬಿಟ್ಟಿದ್ಲ್."

"ಎಂತ? ನಿಮ್ಮನಿ ಬೆಕ್ಕಾ?" ಎಂದಿತು ಬೋನು.

ವಾರವಿಡೀ ಉಂಡ ಗಂಜಿ ಒಳಗಿನಿಂದ ಮಾತಾಡಿತ್ತು. ತಡೆಯುವುದು ಸುಧಾಕರನ ಕೈಯಲ್ಲಿರಲಿಲ್ಲ. ಬದುವಿನ ಮೇಲಿದ್ದ ಜನ ಎಲ್ಲಿ ಹೋದರೋ ತಿಳಿಯದು, ಗದ್ದೆಯಲ್ಲಿ ಚಪ್ಪಲಿಗಳು ಮಾತ್ರ ಉಳಿದವು. ಮನುಷ್ಯರನ್ನು ತಿನ್ನುವ ಚಿರತೆಯ ಬಗ್ಗೆ ಅವರು ಕೇಳಿದ್ದರು, ತಿಂದ ಮೇಲೆ ಅವರ ಪರವಾಗಿ ಜಗಳಕ್ಕೆ ಬರುವ ಚಿರತೆಯನ್ನು ಕೇಳಿರಲಿಲ್ಲ.

ಫಾರೆಸ್ಟಿನ ರೋಹನ್ ಪಿಕಪ್ ಗಾಡಿಯಲ್ಲಿ ಬಂದು ಮಡಲು ಸರಿಸಿ ನೋಡಿದಾಗ ಒಳಗೆ ಒಬ್ಬ ಮನುಷ್ಯ, ಜಾಲರಿಯ ಆಚೆಗೆ ಎರಡು ಬಾತುಕೋಳಿಗಳು ಇದ್ದವು. ಮೂವರೂ ಒಂದೇ ರೀತಿ ಅವನನ್ನು ನೋಡುತ್ತಿದ್ದರು. ರೋಹನ್ ಇನ್ನೂ ಹುಡುಗ, ನಗಬಾರದೆಂದು ಬಹಳ ಪ್ರಯತ್ನಪಟ್ಟ. ಜನ ಒಬ್ಬೊಬ್ಬರಾಗಿ ತಿರುಗಿ ಬಂದು ಚಪ್ಪಲಿ ಹುಡುಕಿಕೊಂಡರು. ಬಾಗಿಲು ಎತ್ತುವ ಮೊದಲು ಬೋನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೂ ಇದ್ದರು.

ಸುಧಾಕರ ಹೊರಗೆ ಬಂದು ಎಲ್ಲವನ್ನೂ ಒಪ್ಪಿಕೊಂಡ. "ಚಿರ್ತೆಯೂ ಇಲ್ಲ, ಎಂತದೂ ಇಲ್ಲ. ಬಾತುಕೋಳಿ ಇಟ್ಟದ್ದ್ ನಾನೇ. ಹದ್ದ್, ಕೀರಿ ಕಾಟ ತಡೂಕಾಯ್ಲಿಲ್ಲ."

"ಎಂತ ಸುಧಾಕರಣ್ಣ ನೀವ್" ಎಂದ ರೋಹನ್. "ಕೇಸ್ ಹಾಕುದಿಲ್ಲ, ನಗೆ ಬತ್ತ್ ನಂಗೆ. ಆದ್ರೆ ಬೋನ್ ಇನ್ ಇಲ್ಲ್ ಇಡುದಿಲ್ಲ. ಇಲ್ಲ್ ಬಿಟ್ರೆ ನಾಳೆ ಯಾರಾರೂ ಬಾಳಂತಿ ಕೋಣಿ ಮಾಡ್ತ್ರ್."

ಅಲ್ಲೇ ಹತ್ತು ಜನ ಕೈ ಹಾಕಿ ಬೋನನ್ನು ಪಿಕಪ್ಪಿಗೆ ಏರಿಸಿದರು. ಏರಿಸುವಾಗ ಓರೆಯಾಗಿ ಹಪ್ಪಳಗಳು ಜಾರಿ ನೆಲಕ್ಕೆ ಚೆಲ್ಲಿದವು. ಚಂದ್ರಮತಕ್ಕ ಮಣ್ಣು ತಾಗದ್ದನ್ನು ಆರಿಸಿ ಒಯ್ದಳು, ಮಿಕ್ಕಿದ್ದನ್ನು ನೋಡಿ ಸುಧಾಕರನಿಗೆ ಹಿಡಿಶಾಪ ಹಾಕಿದಳು.

"ಅಕ್ಕ, ಆ ಬೆಕ್ಕಿನ್ ವಿಚಾರ ಸುಗುಣಂಗೆ ಒಂದ್ ಮಾತ್ ಹೇಳಿ" ಎಂದು ಅವನು ಬೇಡಿಕೊಂಡ.

"ಅದ್ ಸತ್ತವ್ರಿಗ್ ಹೇಳಿದ್ದ್. ಬದ್ಕಿದವ್ರಿಗಲ್ಲ" ಎಂದು ಅವಳು ಸೆರಗು ಕೊಡವಿ ನಡೆದಳು.

ಆಗಲೇ ಸುಗುಣ ಆಟೋ ಇಳಿದು ಓಡಿ ಬಂದಳು. 'ಬಸ್ರೂರು ಬಾಂಧವರು' ಗುಂಪಿನ ಸುದ್ದಿ ಯಡ್ತರೆಯ ಊಟದ ಪಂಕ್ತಿಗೂ ಮುಟ್ಟಿತ್ತು. ಗಂಡ ಫೋನ್ ಎತ್ತದಿದ್ದಾಗ ಅವಳು ಹೋಳಿಗೆ ಮುಟ್ಟದೆ ಎಲೆ ಮಡಿಚಿ ಎದ್ದಿದ್ದಳು. ಮಲ್ಲಿಗೆ ಉದುರಿ, ಕುಂಕುಮ ಬೆವರಿಗೆ ಇಳಿದಿತ್ತು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವನ ಎರಡು ಕಂಕುಳಲ್ಲಿ ಎರಡು ಬಾತುಕೋಳಿಗಳಿದ್ದವು.

"ಎರ್ಡೂ ಇತ್ತ್" ಎಂದ ಸುಧಾಕರ.

ಸುಗುಣ ಅಲ್ಲೇ ಬದುವಿನ ಮೇಲೆ ಕೂತು, ಮೊದಲು ಅತ್ತಳು, ಅಳುತ್ತಾ ಅಳುತ್ತಾ ನಗಲು ಶುರುಮಾಡಿದಳು. "ಬಾತುಕೋಳಿ ಹೋಯ್ಲಿ ಮಾರಾಯ್ರೆ. ನೀವ್ ಹೋದ್ರಿ ಅಂದೇಳಿ ದಾರಿಯುದ್ದ ಮರವಂತಿ ಮಾರಸ್ವಾಮಿಗೆ ಹರ್ಕಿ ಹೇಳ್ಕಂಡ್ ಬಂದೆ. ಇನ್ ಒಬ್ರನ್ನೇ ಬಿಟ್ ಹೋಪುದೇ ಇಲ್ಲ." ಸುಧಾಕರನಿಗೆ ಆ ದಿನದ ಎಲ್ಲ ಅವಮಾನ ಅಲ್ಲಿಗೆ ತೊಳೆದುಹೋಯಿತು. ಊರಿನವರು ನಕ್ಕರೆ ನಗಲಿ, ತಾನು ಗೆದ್ದೆ ಎಂದು ಅನಿಸಿತು.

ಮುಸ್ಸಂಜೆಯ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಬಾತುಕೋಳಿಗಳನ್ನು ಗೂಡಿಗೆ ಬಿಡಲು ಅಂಗಳಕ್ಕೆ ಬಂದರು. ಗೂಡಿನ ಹತ್ತಿರ ಹೋದ ಗುಂಡು ಥಟ್ಟನೆ ನಿಂತಿತು. ಸುಧಾಕರ ತಲೆ ಎತ್ತಿ ನೋಡಿದ. ಕೆಂಪುಕಲ್ಲಿನ ಪಾಗಾರದ ಮೇಲೆ, ಬೆಳಿಗ್ಗೆ ಚಂದ್ರಮತಕ್ಕನ ಬೆಕ್ಕು ಕೂತ ಜಾಗದಲ್ಲೇ, ಅದಕ್ಕಿಂತ ಬಹಳ ದೊಡ್ಡ ಬೆಕ್ಕೊಂದು ಕೂತಿತ್ತು. ಮೈತುಂಬ ಚುಕ್ಕೆ. ಅದು ಅವರನ್ನು ನೋಡಿ ನಿಧಾನವಾಗಿ ಆಕಳಿಸಿತು.

ಆಮೇಲೆ ಅವರು ಹೇಗೆ ಒಳಗೆ ಬಂದರೆಂದು ಇಬ್ಬರಿಗೂ ನೆನಪಿಲ್ಲ. ಬಾಗಿಲಿಗೆ ಅಗಳಿ ಬಿದ್ದಿತ್ತು, ಗುಂಡು ಹಾಸಿಗೆಯ ಮೇಲಿತ್ತು, ಗೌರಿ ಸುಧಾಕರನ ದಿಂಬಿನ ಮೇಲಿತ್ತು. ಸುಗುಣ ಗಲೀಜಿನ ಮಾತನ್ನೇ ಎತ್ತಲಿಲ್ಲ. ಸುಧಾಕರ ಮೊಬೈಲು ತೆಗೆದು ಗುಂಪಿಗೆ ಬರೆದ. "ನಮ್ಮ ಪಾಗಾರದ್ ಮೇಲೆ ಚಿರ್ತೆ ಕೂಕಂಡಿತ್. ಯಾರೂ ಹೊರ್ಗ್ ಬರ್ಬೇಡಿ."

ಉತ್ತರವಾಗಿ ನಗುವ ಮುಖಗಳು ಸಾಲುಗಟ್ಟಿ ಬಂದವು. "ಈ ಸರ್ತಿ ಹಂದಿ ಇಟ್ಟಿದ್ರ್ಯಾ?" ಎಂದು ಯಾರೋ ಕೇಳಿದರು. ಸುಧಾಕರ ಕಿಟಕಿಯ ಸಂದಿಯಿಂದ ಫೋಟೋ ತೆಗೆದು ಹಾಕಿದ. "ಎಐ ಫೋಟೋ, ಭಾರೀ ಲಾಯ್ಕ್ ಆಯಿತ್. ಬಾಲ ಒಂಚೂರ್ ಉದ್ದ ಆಯ್ತ್" ಎಂದು ಅಣ್ಣಯ್ಯ ಶೆಟ್ಟರು ಬರೆದರು. ರೋಹನ್‌ಗೆ ಫೋನ್ ಮಾಡಿದರೆ, "ಇವತ್ತಿಗ್ ಒಂದ್ ಸರ್ತಿ ಸಾಕ್ ಸುಧಾಕರಣ್ಣ" ಎಂದು ನಗುತ್ತಾ ಇಟ್ಟುಬಿಟ್ಟ. ಹೊರಗೆ ಚಿರತೆ ಗೂಡನ್ನು ಮೂಸಿ ನೋಡಿ, ಏನೂ ಸಿಗದೆ, ಗದ್ದೆಗಿಳಿದು ಬೋನು ಇದ್ದ ಜಾಗಕ್ಕೆ ನಡೆಯಿತು. ಅಲ್ಲಿ ನೆಲವನ್ನು ಮೂಸುತ್ತ ನಿಂತಿತು.

ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಚಂದ್ರಮತಕ್ಕನ ಧ್ವನಿ ಬಂತು. "ಹ್ವಾಯ್, ಬೋನ್ ಇದ್ದಲ್ಲ್ ಯಾರೋ ಕೂಕಂಡ್ ನನ್ ಹಪ್ಳ ಕರುಂಕುರುಂ ತಿಂತಿದ್ರ್. ಮಬ್ಬಿಗ್ ಮುಖ ಕಾಂತಿಲ್ಲ. ಸುಧಾಕರ, ನೀನೇ ಅಲ್ದಾ? ಚೆಲ್ಲಿದ್ದ್ ಸಾಲ್ದಾ, ತಿಂಬುದೂ ಬೇರೆ? ತಡಿ, ಹಿಡಿಸುಡಿ ಹಿಡ್ಕಂಡ್ ಬತ್ತೆ."

ಸುಧಾಕರ ಎದ್ದು ನಿಂತ. ಚಿರತೆ ಎಂದರೆ ಅವಳು ನಂಬುವುದಿಲ್ಲ, ಈಗಲೇ ಬಾಗಿಲು ತೆಗೆಯುತ್ತಾಳೆ. ಬೆಕ್ಕಿನ ತಪ್ಪು ಮುಚ್ಚಿಟ್ಟವಳು ಅವಳೇ ಇರಬಹುದು, ಆದರೂ ಬರೀ ಪೊರಕೆ ಹಿಡಿದು ಚಿರತೆಯ ಮುಂದೆ ಹೋಗಿ ನಿಲ್ಲುವಂತೆ ಬಿಡಲಾಗುವುದೇ? ಅವನು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದ.

"ಹೌದ್ ಚಂದ್ರಮತಕ್ಕ, ನಾನೇ. ಹಸ್ವಾಯ್ತ್, ತಿಂದೆ. ದಮ್ಮಯ್ಯ, ನೀವ್ ಬಾಗ್ಲ್ ತೆಗೂದ್ ಬೇಡ. ನಾಳೆ ಮನಿಗ್ ಬಂದ್ ಕಾಲಿಗ್ ಬೀಳ್ತೆ."

ಚಂದ್ರಮತಕ್ಕನ ಬಾಗಿಲು ತೆರೆಯಲಿಲ್ಲ. ಸುಗುಣ ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊರಗೆ ಕರುಂಕುರುಂ ಸದ್ದು ನಿಧಾನವಾಗಿ ಹಾಡಿಯ ಕಡೆಗೆ ಹೋಯಿತು. ಇತ್ತ ಅಣ್ಣಯ್ಯ ಶೆಟ್ಟರು ಗುಂಪಿನ ತಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಸೂಚನೆ ಅಂಟಿಸಿದರು:

"ಬಸ್ರೂರು ಬಾಂಧವರ ಗಮನಕ್ಕೆ. ಹಾಡಿಯಲ್ಲಿ ಯಾವುದೇ ಕಾಡುಪ್ರಾಣಿ ಇರುವುದಿಲ್ಲ. ಹೊರಗೆ ಹಪ್ಪಳ ಒಣಗಿಸುವವರು ಸುಧಾಕರನಿಂದ ಜಾಗ್ರತೆ ವಹಿಸತಕ್ಕದ್ದು."